‘ಆ ಅಧ್ಯಾಯದಲ್ಲಿ ಇರೋದು ನನ್ನ ಕೈಯ ಮಚ್ಚೆನಾ ಡಾಕ್ಟ್ರೇ?’

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಉಡುಪಿ ಜಿಲ್ಲೆಯವಳು, ವಯಸ್ಸು 41. ಆರು ವರ್ಷದಿಂದ ಇಸ್ರೇಲಿನಲ್ಲಿ ಒಬ್ಬ ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆಯವರ ಹಾಗೆ ನಾನೂ ಅವರನ್ನು ‘ಸವ್ತಾ’ ಅಂತಲೇ ಕರೆಯುತ್ತೇನೆ, ಅಜ್ಜಿ ಅಂತ ಅರ್ಥ. ನನ್ನ ಕಾಲಿನ ಗಂಟಿನ ಹತ್ತಿರ ಹತ್ತೊಂಬತ್ತನೇ ವಯಸ್ಸಿನಿಂದ ಒಂದು ಬಿಳಿ ಮಚ್ಚೆ ಇದೆ. ಎರಡು ವರ್ಷದಿಂದ ಬಲಗೈ ಬೆರಳು, ಮಣಿಕಟ್ಟಿನಲ್ಲೂ ಹಾಲಿನಂತೆ ಬೆಳ್ಳಗಾಗಿದೆ. ಊರಲ್ಲಿ ಡಾಕ್ಟರು ತೊನ್ನು ಅಂದಿದ್ದರು. ಮುಲಾಮು ಹಚ್ಚಿ ಹಚ್ಚಿ ಬೇಸರವಾಗಿ ಬಿಟ್ಟೆ. ಸವ್ತಾ ಅವರ ಮೊಮ್ಮಗನಿಗೆ ಈಗ ಹದಿಮೂರು. ಏಪ್ರಿಲ್ 18ರ ಶನಿವಾರ ಅವನ ಬಾರ್ ಮಿತ್ಸ್ವಾ, ಅಂದರೆ ಯಹೂದಿ ಹುಡುಗ ಪ್ರಾಯಕ್ಕೆ ಬಂದ ಅಂತ ಮಾಡುವ ಸಮಾರಂಭ. ಅವತ್ತು ಓದುವ ಪಾಠದ ಹೆಸರು ತಜ್ರಿಯಾ-ಮೆತ್ಸೋರಾ. ಮನೆಯಲ್ಲಿ ಅಭ್ಯಾಸ ಮಾಡುತ್ತಾ ಹುಡುಗ ನನ್ನ ಕೈ ನೋಡಿ, ‘ಇದು ತ್ಸಾರಾಅತ್ ತಾನೇ?’ ಅಂದ. ಆ ಪಾಠದಲ್ಲಿ ಬರುವ ಮಚ್ಚೆಯ ಹೆಸರಂತೆ ಅದು. ಎಲ್ಲರೂ ನಕ್ಕರು. ಒಬ್ಬ ನೆಂಟರು ‘ಅದು ಚಾಡಿ ಹೇಳುವವರಿಗೆ ಬರೋದು’ ಅಂದರು. ಆಮೇಲೆ ಅವರೇ ‘ಅವತ್ತು ಊಟ ಬಡಿಸೋದು ಬೇರೆಯವರು ನೋಡ್ಕೋತಾರೆ’ ಅಂತಲೂ ಹೇಳಿದರು. ರಾತ್ರಿ ನನ್ನ ಕನ್ನಡ ಬೈಬಲ್ ತೆರೆದು ಯಾಜಕಕಾಂಡ ನೋಡಿದೆ. ಅಲ್ಲಿ ‘ಕುಷ್ಠ’ ಅಂತಿದೆ. ನಿದ್ದೆ ಬರಲಿಲ್ಲ. ಊರಲ್ಲಿ ಅಕ್ಕಪಕ್ಕದವರು ನಾಗದೋಷ ಅನ್ನುತ್ತಿದ್ದರು, ಇಲ್ಲಿ ಇದು. ನನ್ನದು ಕುಷ್ಠವಾ? ಸವ್ತಾಗೆ ಅಂಟುತ್ತಾ? ಇದು ಶಿಕ್ಷೆಯಾ? ಅವತ್ತು ಜ್ವರ ಅಂತ ಹೇಳಿ ಮನೆಯಲ್ಲೇ ಇದ್ದುಬಿಡಲಾ?

ಉತ್ತರ: ಮೊದಲು ನಿದ್ದೆಗೆಡಿಸಿದ ಮೂರು ಪ್ರಶ್ನೆ ಮುಗಿಸೋಣ. ನೀವು ಬರೆದ ಲಕ್ಷಣ ತೊನ್ನಿನದು. ತೊನ್ನು ಕುಷ್ಠ ಅಲ್ಲ. ಅದು ಯಾರಿಗೂ ಅಂಟುವುದಿಲ್ಲ. ನೀವು ಸವ್ತಾಗೆ ಸ್ನಾನ ಮಾಡಿಸಿದರೂ, ತುತ್ತು ತಿನ್ನಿಸಿದರೂ, ಅವರ ಪಕ್ಕದಲ್ಲೇ ಮಲಗಿದರೂ ಏನೂ ಆಗುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಶತ್ರು ಅಂದುಕೊಂಡು ಕೊಲ್ಲುತ್ತದೆ. ತೊನ್ನು ಅಂದರೆ ಇಷ್ಟೇ. ಇದರಲ್ಲಿ ನಾಗನ ಪಾತ್ರ ಇಲ್ಲ, ನಿಮ್ಮ ನಾಲಿಗೆಯದೂ ಇಲ್ಲ.

ಆದರೆ ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತೆ, ಡಾಕ್ಟರು ಇಷ್ಟು ಹೇಳಿದರೆ ಸಾಲದು ಅಂತ. ನಿಮ್ಮನ್ನು ಚುಚ್ಚಿದ್ದು ಕಾಯಿಲೆ ಅಲ್ಲ, ಆ ಅಧ್ಯಾಯ. ನಾನು ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಲ್ಲ, ಚರ್ಮದ ಡಾಕ್ಟರು. ಕುಷ್ಠ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಬೈಬಲ್ ಕೈಯಲ್ಲಿ ಹಿಡಿದು ಯಾಜಕಕಾಂಡದ ಇದೇ 13ನೇ ಅಧ್ಯಾಯ ತೋರಿಸಿ ಅತ್ತವರು ಒಬ್ಬಿಬ್ಬರಲ್ಲ. ಅವರಿಗೆ ಉತ್ತರ ಹೇಳಬೇಕಲ್ಲ ಅಂತ ನಾನೂ ಓದಲು ಕೂತೆ. ಯಹೂದಿ ವ್ಯಾಖ್ಯಾನಗಳ ಜೊತೆ ಓದಿದ ಮೇಲೆ ನನಗೆ ಅದು ಬೇರೆಯೇ ಅಧ್ಯಾಯವಾಗಿ ಕಂಡಿತು.

ಮೊದಲು ಒಂದು ಸಮಾಧಾನದ ಮಾತು. ಈ ಪಾಠವನ್ನು ಯಾರೂ ನಿಮಗಾಗಿ ಆರಿಸಿಲ್ಲ. ತೋರಾ, ಅಂದರೆ ಮೋಶೆಯ ಐದು ಪುಸ್ತಕ, ಓದಲು 54 ಭಾಗವಾಗಿ ಹಂಚಿದೆ. ಒಂದೊಂದು ಭಾಗಕ್ಕೆ ಪರಾಶಾ ಅಂತ ಹೆಸರು. ವಾರಕ್ಕೊಂದು ಓದಿ, ಸಿಮ್ಹತ್ ತೋರಾ ಹಬ್ಬದ ದಿನ ಮುಗಿಸಿ, ಅವತ್ತೇ ಮತ್ತೆ ಮೊದಲ ಸಾಲಿಗೆ ಹೋಗುತ್ತಾರೆ. ನಮ್ಮ ಹಾಗೆ ಅವರಿಗೂ ಅಧಿಕ ಮಾಸ ಇದೆ, 19 ವರ್ಷದಲ್ಲಿ ಏಳು ಸಲ. ಆ ವರ್ಷ ಶನಿವಾರಗಳು ಜಾಸ್ತಿ, ಹಾಗಾಗಿ ತಜ್ರಿಯಾ ಒಂದು ವಾರ, ಮೆತ್ಸೋರಾ ಇನ್ನೊಂದು ವಾರ. ಅಧಿಕ ಮಾಸ ಇಲ್ಲದ ವರ್ಷ ಎರಡನ್ನೂ ಜೋಡಿಸಿ ಒಟ್ಟಿಗೇ ಓದುತ್ತಾರೆ. 2026 ಅಂಥ ವರ್ಷ. ಹುಡುಗನ ಹುಟ್ಟಿದ ದಿನ ಯಾವ ವಾರ ಬಿತ್ತೋ ಆ ವಾರದ ಪಾಠ ಅವನ ಪಾಲಿಗೆ. ಪಾಪ, ಹದಿಮೂರು ವರ್ಷದ ಹುಡುಗ ನೆಂಟರಿಷ್ಟರ ಎದುರು ಎದ್ದು ನಿಂತು ಹೆರಿಗೆ, ಚರ್ಮದ ಮಚ್ಚೆ, ಬೋಳುತಲೆ, ಗೋಡೆಯ ಕಲೆ, ಮೈಯಿಂದ ಹೋಗುವ ಸ್ರಾವ ಇಷ್ಟನ್ನೂ ಓದಬೇಕು. ಈ ಪಾಠ ಬಂತು ಅಂದರೆ ಮಕ್ಕಳು ತಲೆ ಚಚ್ಚಿಕೊಳ್ಳುವುದು ಮಾಮೂಲು. ಅವನು ನಿಮ್ಮ ಕೈ ನೋಡಿ ಕೇಳಿದ್ದು ಕೆಟ್ಟತನದಿಂದ ಅಂತ ನನಗೆ ಅನ್ನಿಸುತ್ತಿಲ್ಲ. ಬಾಯಿಪಾಠ ಮಾಡುತ್ತಿದ್ದ ಪದಕ್ಕೆ ಕಣ್ಣೆದುರು ಅರ್ಥ ಸಿಕ್ಕಿತು ಅಂದುಕೊಂಡ.

ಅರ್ಥ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ಈಗ ಅಧ್ಯಾಯಕ್ಕೆ ಬರೋಣ. ಮೈಮೇಲೆ ಮಚ್ಚೆ ಕಂಡವನನ್ನು ಕೋಹೆನ್, ಅಂದರೆ ಆರೋನನ ವಂಶದ ಯಾಜಕನ ಹತ್ತಿರ ಕರೆದುಕೊಂಡು ಹೋಗಬೇಕು. ವೈದ್ಯನ ಹತ್ತಿರ ಅಲ್ಲ, ಗಮನಿಸಿ. ಅವನು ಎರಡು ವಿಷಯ ನೋಡುತ್ತಾನೆ. ಮಚ್ಚೆ ಚರ್ಮಕ್ಕಿಂತ ಆಳವಾಗಿ ಕಾಣುತ್ತದೆಯೇ? ಅದರೊಳಗಿನ ಕೂದಲು ಬೆಳ್ಳಗಾಗಿದೆಯೇ? ಅನುಮಾನ ಇದ್ದರೆ ಏಳು ದಿನ ಬೇರೆ ಇಟ್ಟು ಮತ್ತೆ ನೋಡಬೇಕು. ಇನ್ನೂ ಅನುಮಾನವೇ? ಮತ್ತೆ ಏಳು ದಿನ. ಕೊನೆಗೆ ಅವನು ‘ತಾಮೇ’ ಅಥವಾ ‘ತಾಹೋರ್’ ಅನ್ನುತ್ತಾನೆ. ಬೈಬಲಿನಲ್ಲಿ ಇದನ್ನು ಅಶುದ್ಧ, ಶುದ್ಧ ಅಂತ ಓದಿರುತ್ತೀರಿ. ನಮ್ಮ ಆಡುಮಾತಿನಲ್ಲಿ ಹತ್ತಿರದ ಪದ ಮೈಲಿಗೆ, ಮಡಿ.

ನನ್ನ ಪ್ರಕಾರ ಎಲ್ಲ ಗೊಂದಲದ ಬೇರು ಇಲ್ಲಿದೆ. ಸಾವಿನ ಮನೆಗೆ ಸೂತಕ, ಹೆತ್ತ ಮನೆಗೆ ಪುರುಡು ಅನ್ನುತ್ತೇವೆ. ಹಾಗಂತ ಆ ಮನೆಯವರಿಗೆ ಕಾಯಿಲೆ ಇದೆ ಅಂತ ಯಾರೂ ತಿಳಿಯುವುದಿಲ್ಲ. ದಿನ ಮುಗಿದ ಮೇಲೆ ಸ್ನಾನ ಮಾಡಿದರೆ ಆಯಿತು. ತಜ್ರಿಯಾ ಶುರುವಾಗುವುದೇ ಬಾಣಂತಿಯಿಂದ. ಗಂಡು ಹೆತ್ತರೆ ಒಟ್ಟು 40 ದಿನ, ಹೆಣ್ಣು ಹೆತ್ತರೆ 80. ಬಾಣಂತನ ಕಾಯಿಲೆಯೇ? ಅಲ್ವಲ್ಲ. ಮಚ್ಚೆಯ ಮಾತು ಬರುವುದು ಅದೇ ಸಾಲಿನಲ್ಲಿ. ಮೈಲಿಗೆ ಅನ್ನುವ ಪದ ನಮ್ಮಲ್ಲಿ ಜಾತಿಯ ಮೇಲೆ ಹತ್ತಿ ಕೂತು ಮಾಡಿದ ಅನ್ಯಾಯ ನನಗೆ ಗೊತ್ತಿದೆ, ಅದಕ್ಕೇ ಈ ಪದ ಬಳಸಲು ಸ್ವಲ್ಪ ಹಿಂಜರಿದೆ. ತಾಮೇ ಹುಟ್ಟಿನಿಂದ ಬರುವುದಲ್ಲ. ಬರುತ್ತದೆ, ಹೋಗುತ್ತದೆ. ದೇವಾಲಯಕ್ಕೆ ಹೋಗಬಹುದೋ ಬಾರದೋ ಅನ್ನುವ ಲೆಕ್ಕ ಅದು.

ಇದು ಅಂಟುರೋಗದ ನಿಯಮ ಅಲ್ಲ ಅನ್ನುವುದಕ್ಕೆ ಅಧ್ಯಾಯದ ಒಳಗೇ ಸಾಕ್ಷಿ ಇದೆ. ಮಚ್ಚೆ ತಲೆಯಿಂದ ಪಾದದವರೆಗೆ ಇಡೀ ಮೈಗೆ ಹಬ್ಬಿದರೆ ಕೋಹೆನ್ ಏನನ್ನಬೇಕು? 13ನೇ ವಚನ ನೋಡಿ: ತಾಹೋರ್. ಪೂರ್ತಿ ಬೆಳ್ಳಗಾದವನು ಶುದ್ಧ! ಅಂಟುರೋಗಕ್ಕೆ ಹೆದರಿ ಬರೆದವರು ಹೀಗೆ ಬರೆಯುತ್ತಾರೆಯೇ? ಮುಂದೆ 14ನೇ ಅಧ್ಯಾಯದಲ್ಲಿ ಗೋಡೆಗೆ ಹಸಿರು, ಕೆಂಪು ಕಲೆ ಬಂದ ಮನೆಯ ಮಾತು ಬರುತ್ತದೆ. ಕೋಹೆನ್ ಒಳಗೆ ಹೋಗುವ ಮೊದಲು ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿಸಬೇಕು. ಅವನು ನೋಡಿ ‘ತಾಮೇ’ ಅನ್ನುವವರೆಗೆ ಆ ಪಾತ್ರೆಪಗಡಕ್ಕೆ ಮೈಲಿಗೆ ಇಲ್ಲ, ಬಡವನ ಮಡಕೆ ಉಳಿಯಲಿ ಅಂತ. ಸೋಂಕು ಆಗಿದ್ದರೆ ಮಡಕೆ ಹೊರಗೆ ತಂದದ್ದೇ ತಪ್ಪಾಗುತ್ತಿತ್ತು. ಬಟ್ಟೆಗೂ ಇದೇ ತ್ಸಾರಾಅತ್ ಬರುತ್ತದೆ ಅನ್ನುತ್ತದೆ ಪಾಠ. ಉಣ್ಣೆಗೂ ಗೋಡೆಗೂ ಕುಷ್ಠ ಬರುವುದನ್ನು ನಾನಂತೂ ನೋಡಿಲ್ಲ.

ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಮಿಶ್ನಾ ಅನ್ನುವ ಯಹೂದಿ ನಿಯಮಗ್ರಂಥದಲ್ಲಿ ‘ನೆಗಾಯಿಮ್’ ಅನ್ನುವ ಭಾಗ ಪೂರ್ತಿ ಈ ಮಚ್ಚೆಗಳ ಬಗ್ಗೆಯೇ ಇದೆ. ಮದುಮಗನಿಗೆ ಮಚ್ಚೆ ಕಂಡರೆ ಏಳು ದಿನ ಅವನನ್ನು ಪರೀಕ್ಷೆಗೆ ಕರೆಯಬೇಡಿ, ಮದುವೆಯ ಸಂಭ್ರಮ ಮುಗಿಯಲಿ ಅನ್ನುತ್ತಾರೆ. ಹಬ್ಬದಲ್ಲೂ ಹಾಗೇ. ನೂರಾರು ಜನ ಸೇರುವ ಹೊತ್ತಿನಲ್ಲೇ ಬಿಟ್ಟುಬಿಡಿ ಅಂದರೆ ಅವರ ತಲೆಯಲ್ಲಿ ಸೋಂಕಿನ ಭಯ ಇರಲಿಲ್ಲ ಅಂತಲೇ ಅಲ್ಲವೇ? ನಿಮಗೆ ನೇರವಾಗಿ ತಟ್ಟುವ ಮಾತೂ ಅಲ್ಲೇ ಇದೆ. ಯಹೂದ್ಯರಲ್ಲದವರ ಮೈಮೇಲಿನ ಮಚ್ಚೆಗೆ ಈ ಮೈಲಿಗೆ ಇಲ್ಲವೇ ಇಲ್ಲ. ಅಂದರೆ ಆ ಕಾಲದ ಕೋಹೆನ್ ಎದುರಿಗೇ ನೀವು ಹೋಗಿ ನಿಂತಿದ್ದರೂ ‘ನಿನ್ನದು ನನ್ನ ಲೆಕ್ಕಕ್ಕೆ ಬರೋದಿಲ್ಲಮ್ಮ’ ಅಂತ ಕಳಿಸುತ್ತಿದ್ದ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯವೇ ಹೋಯಿತು. ಇವತ್ತು ಮಚ್ಚೆ ನೋಡಿ ತೀರ್ಪು ಹೇಳುವ ಕೋಹೆನ್ ಯಾರೂ ಇಲ್ಲ, ಈ ಪಾಠವನ್ನು ಓದುತ್ತಾರೆ ಅಷ್ಟೇ.

ಹಾಗಾದರೆ ‘ಕುಷ್ಠ’ ಎಲ್ಲಿಂದ ಬಂತು? ಪದ ದಾರಿ ತಪ್ಪಿದ ಕಥೆ ಇದು. ಹೀಬ್ರೂವಿನ ತ್ಸಾರಾಅತ್‌ಗೆ ಗ್ರೀಕ್ ಅನುವಾದಕರು ‘ಲೆಪ್ರಾ’ ಅಂದರು. ಗ್ರೀಕರಿಗೆ ಲೆಪ್ರಾ ಅಂದರೆ ಹೊಟ್ಟು ಉದುರುವ ಚರ್ಮರೋಗ, ನಾವು ಇವತ್ತು ಕುಷ್ಠ ಅನ್ನುವುದಕ್ಕೆ ಅವರಲ್ಲಿ ಬೇರೆ ಹೆಸರಿತ್ತು. ಮುಂದೆ ಅರಬ್ಬರ ವೈದ್ಯಗ್ರಂಥಗಳು ಲ್ಯಾಟಿನ್‌ಗೆ ಬರುವಾಗ ನಿಜವಾದ ಕುಷ್ಠಕ್ಕೂ ‘ಲೆಪ್ರಾ’ ಅಂತಲೇ ಬರೆದುಬಿಟ್ಟರು. ಅಲ್ಲಿಗೆ ಎರಡೂ ಒಂದಾದವು. 1873ರಲ್ಲಿ ನಾರ್ವೆಯ ಹ್ಯಾನ್ಸನ್ ಕುಷ್ಠದ ಬ್ಯಾಕ್ಟೀರಿಯಾ ಕಂಡುಹಿಡಿದ ಹೊತ್ತಿಗೆ ಈ ಗಂಟು ಬಿಚ್ಚಲಾಗದಷ್ಟು ಬಿಗಿಯಾಗಿತ್ತು. ಅನುವಾದದಿಂದ ಅನುವಾದಕ್ಕೆ ಹೋಗಿ ಕನ್ನಡದಲ್ಲಿ ‘ಕುಷ್ಠ’ ಆಯಿತು. ತಮಾಷೆ ಅಂದರೆ ನಮ್ಮ ಕುಷ್ಠದ ಪಾಡೂ ಅದೇ. ಆಯುರ್ವೇದದಲ್ಲಿ ಕುಷ್ಠ ಅಂದರೆ ಹದಿನೆಂಟು ಬಗೆಯ ಚರ್ಮರೋಗಕ್ಕೆ ಒಟ್ಟು ಹೆಸರು. ಆಡುಮಾತಿನಲ್ಲಿ ಅದು ಒಂದೇ ರೋಗಕ್ಕೆ ಅಂಟಿಕೊಂಡಿತು. ಆಮೇಲೆ ತೊನ್ನಿಗೆ ‘ಬಿಳಿ ಕುಷ್ಠ’ ಅಂತ ಇನ್ನೊಂದು ಹೆಸರು ಬೇರೆ. ಆ ಎರಡು ಪದದಿಂದ ಮುರಿದುಬಿದ್ದ ಮದುವೆಗಳನ್ನು ನಾನು ನೋಡಿದ್ದೇನೆ. ಈಗಿನ ಹೀಬ್ರೂವಿನಲ್ಲಿ ಕೂಡ ತ್ಸಾರಾಅತ್ ಅಂದರೆ ಕುಷ್ಠ ಅಂತಲೇ ಬಳಕೆ. ಹಾಗಾಗಿ ಆ ಹುಡುಗನನ್ನು ಏನನ್ನುವುದು.

ಡಾಕ್ಟರಾಗಿ ನೋಡಿದರೆ ನಿಜವಾದ ಕುಷ್ಠದ ಮುಖ್ಯ ಗುರುತು ಒಂದೂ ಆ ಅಧ್ಯಾಯದಲ್ಲಿ ಇಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಇರುವುದಿಲ್ಲ, ಹತ್ತಿಯ ಎಳೆ ತಾಗಿಸಿದರೆ ಗೊತ್ತಾಗುವುದಿಲ್ಲ. ನರ ದಪ್ಪಗಾಗುತ್ತದೆ, ಬೆರಳು ಮಡಚಿಕೊಳ್ಳುತ್ತದೆ. ಮಚ್ಚೆ ಮಾಸಲು ಬಣ್ಣ, ಹಾಲಿನ ಬಿಳುಪಲ್ಲ. ಹದಿನಾಲ್ಕು ದಿನದಲ್ಲಿ ಏನೂ ಬದಲಾಗುವುದೂ ಇಲ್ಲ, ಕುಷ್ಠ ಬಹಳ ನಿಧಾನದ ರೋಗ. ಒಂದು ಮಾತು ಇಲ್ಲಿ ಸೇರಿಸಲೇಬೇಕು. ‘ನಿಮ್ಮದು ಕುಷ್ಠ ಅಲ್ಲ’ ಅಂತ ನಾನು ಸಮಾಧಾನ ಹೇಳುವಾಗ ಕುಷ್ಠ ಇರುವವರು ಬೇರೆ ಜಾತಿಯವರು ಅಂತ ಆಗಬಾರದು. ಅದಕ್ಕೂ ಆರು ತಿಂಗಳು ಅಥವಾ ಒಂದು ವರ್ಷದ ಮಾತ್ರೆ ಇದೆ, ಪುಕ್ಕಟೆ ಸಿಗುತ್ತದೆ, ಗುಣವಾಗುತ್ತದೆ. ಆದರೂ ಭಾರತದಲ್ಲಿ ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆಯಲು 2019ರವರೆಗೆ ಕಾಯಬೇಕಾಯಿತು.

ಈಗ ನೀವು ಆ ರಾತ್ರಿ ಓದದೆ ಬಿಟ್ಟಿರಬಹುದಾದ ಎರಡು ವಚನ. ಯಾಜಕಕಾಂಡ 13ರ 38 ಮತ್ತು 39. ಗಂಡಾಗಲಿ ಹೆಣ್ಣಾಗಲಿ, ಚರ್ಮದಲ್ಲಿ ಮಂಕು ಬಿಳುಪಿನ ಮಚ್ಚೆಗಳು ಕಂಡರೆ ಕೋಹೆನ್ ನೋಡಿ ಹೇಳಬೇಕಾದ್ದು: ಅದು ‘ಬೋಹಕ್’, ಚರ್ಮದಲ್ಲಿ ಅರಳಿದೆ, ತಾಹೋರ್. ಹೀಬ್ರೂವಿನಲ್ಲಿ ನಿಜವಾಗಿಯೂ ಹೂ ಅರಳುವುದಕ್ಕೆ ಹೇಳುವ ಕ್ರಿಯಾಪದವೇ ಇದೆ. ಬೋಹಕ್ ಅಂದರೆ ತೊನ್ನೇ ಅಂತ ನಾನು ಪ್ರಮಾಣ ಮಾಡುವುದಿಲ್ಲ. ಮೂರು ಸಾವಿರ ವರ್ಷ ಹಿಂದಿನ ಚರ್ಮವನ್ನು ಪದಗಳ ಮೂಲಕ ಪರೀಕ್ಷೆ ಮಾಡಲು ಆಗುವುದಿಲ್ಲ. ತೊನ್ನಿನ ಕೆಲವು ಮಚ್ಚೆಯಲ್ಲಿ ಕೂದಲೂ ಬೆಳ್ಳಗಾಗುತ್ತದೆ, ಅದು ಮೇಲಿನ ವಚನಗಳ ಲಕ್ಷಣಕ್ಕೂ ತಾಳೆಯಾಗುತ್ತದೆ. ಆದರೆ ಬಿಳಿ ಮಚ್ಚೆ ಎಲ್ಲವೂ ಒಂದೇ ಅಲ್ಲ, ಕೆಲವನ್ನು ನೋಡಿ ‘ಏನೂ ಇಲ್ಲ, ಮನೆಗೆ ಹೋಗು’ ಅನ್ನಬೇಕು ಅಂತ ಆ ಪಾಠವೇ ಹೇಳುತ್ತಿದೆ. ಅದು ಅಲ್ಲಿದೆ ಅಂತ ನಗುವವರಿಗೆ ಗೊತ್ತಿರಲಿಲ್ಲ.

ಚಾಡಿಯ ಮಾತಿಗೆ ಬರುತ್ತೇನೆ. ಆ ನೆಂಟರು ಅದನ್ನು ಸುಮ್ನೆ ಹುಟ್ಟಿಸಿ ಹೇಳಿದ್ದಲ್ಲ. ಅರಣ್ಯಕಾಂಡ 12ರಲ್ಲಿ ಮಿರ್ಯಾಮಳು ತಮ್ಮ ಮೋಶೆಯ ಬಗ್ಗೆ ಆಡಿಕೊಂಡು ಹಿಮದಂತೆ ಬೆಳ್ಳಗಾಗುತ್ತಾಳೆ. ಅದರಿಂದ ಹೊರಟು ಹಳೆಯ ರಬ್ಬಿಗಳು ‘ಮೆತ್ಸೋರಾ’, ಅಂದರೆ ತ್ಸಾರಾಅತ್ ಬಂದವನು, ಅನ್ನುವ ಪದವನ್ನು ಒಡೆದು ‘ಮೋತ್ಸಿ ಶೇಮ್ ರಾ’ ಅಂತ ಮಾಡಿದರು, ಇನ್ನೊಬ್ಬರ ಹೆಸರು ಕೆಡಿಸುವವನು ಅಂತ ಅರ್ಥ. ಒಳ್ಳೆಯ ಶ್ಲೇಷೆ. ಗುಣವಾದವನ ಶುದ್ಧೀಕರಣಕ್ಕೆ ಎರಡು ಹಕ್ಕಿ ಯಾಕೆ ಅಂದರೆ, ಹಕ್ಕಿ ಸದಾ ಚಿಲಿಪಿಲಿ ಅನ್ನುತ್ತೆ, ಇವನೂ ಹಾಗೇ ಬಾಯಿ ಬಿಟ್ಟಿದ್ದ ಅಂತ ರಬ್ಬಿಗಳ ಚರ್ಚೆಗಳ ದೊಡ್ಡ ಗ್ರಂಥ ತಾಲ್ಮೂದ್ ತಮಾಷೆ ಮಾಡುತ್ತದೆ. ಹೀಗೆ ಕಷ್ಟದ ಪಾಠದಿಂದ ನಾಲಿಗೆಯ ಬಗ್ಗೆ ಒಂದು ಬುದ್ಧಿಮಾತು ತೆಗೆದರು, ಇವತ್ತಿಗೂ ಹೆಚ್ಚಿನ ಬಾರ್ ಮಿತ್ಸ್ವಾ ಭಾಷಣ ಅದರ ಮೇಲೇ ನಡೆಯುತ್ತದೆ. 12ನೇ ಶತಮಾನದ ಮೈಮೊನಿಡೀಸ್, ಅವರೇ ದೊಡ್ಡ ವೈದ್ಯರು, ಇದು ಪ್ರಕೃತಿಯ ನಿಯಮದಂತೆ ನಡೆಯುವ ಸಂಗತಿಯಲ್ಲ, ಆ ಕಾಲದ ಇಸ್ರಾಯೇಲ್ಯರ ನಡುವೆ ತೋರಿದ ಒಂದು ಗುರುತು ಅಂತ ಬರೆದರು. ಅಂದರೆ ಅವರ ಲೆಕ್ಕದಲ್ಲೂ ಕ್ಲಿನಿಕ್ಕಿಗೆ ಬರುವ ಚರ್ಮರೋಗ ಬೇರೆ.

ಕೇಳುವವನು ತನ್ನ ನಾಲಿಗೆ ನೋಡಿಕೊಳ್ಳಲಿ ಅಂತ ಹುಟ್ಟಿದ ಮಾತು ಅದು. ಇನ್ನೊಬ್ಬರ ಕೈ ತೋರಿಸಿ ‘ನೀನು ಚಾಡಿಕೋರಿ’ ಅನ್ನುವುದಕ್ಕೆ ಅಲ್ಲ. ಅದೇ ತಾಲ್ಮೂದಿನಲ್ಲಿ, ಬಾವಾ ಮೆತ್ಸಿಯಾ ಅನ್ನುವ ಭಾಗದಲ್ಲಿ, ಕಾಯಿಲೆಯಲ್ಲಿ ಇರುವವರಿಗೆ ‘ನೀನು ಮಾಡಿದ ತಪ್ಪಿಗೇ ಹೀಗಾಯ್ತು’ ಅಂತ, ಕಷ್ಟಕ್ಕೆ ಸಿಕ್ಕ ಬೈಬಲಿನ ಯೋಬನಿಗೆ ಅವನ ಗೆಳೆಯರು ಹೇಳಿದ ಹಾಗೆ, ಹೇಳಬಾರದು, ಅದು ಮಾತಿನಿಂದ ಮಾಡುವ ಅನ್ಯಾಯ ಅಂತ ಸ್ಪಷ್ಟವಾಗಿದೆ. ಅಂದರೆ ಆ ದಿನ ನಾಲಿಗೆಯ ತಪ್ಪು ಮಾಡಿದ್ದು ಯಾರು ಅಂತ ನೀವೇ ನೋಡಿ. ಇದನ್ನು ಅವರ ಮುಖಕ್ಕೆ ಹೇಳಿ ಅಂತ ಮಾತ್ರ ನಾನು ಹೇಳುತ್ತಿಲ್ಲ. ನಿಮ್ಮ ವೀಸಾ, ಸಂಬಳ ಎರಡೂ ಆ ಕೆಲಸಕ್ಕೆ ಗಂಟುಬಿದ್ದಿವೆ.

ಹೋಗಬೇಕಾ ಬೇಡವಾ ಅಂತ ಕೇಳಿದಿರಿ. ಜ್ವರದ ನೆಪ ಸುಲಭ. ಆದರೆ ಸವ್ತಾರ ಕುರ್ಚಿ ತಳ್ಳುವವರು ಯಾರು? ನೀವು ಬಾರದಿದ್ದರೆ ಹುಡುಗನ ತಲೆಯಲ್ಲಿ ‘ನಾನು ಹೇಳಿದ್ದು ನಿಜ’ ಅಂತ ಕೂತುಬಿಡುತ್ತೆ. ಇನ್ನೊಂದು ದಾರಿ, ಮಚ್ಚೆ ಮುಚ್ಚುವ ಕ್ರೀಮ್ ಅಥವಾ ಉದ್ದ ತೋಳು. ನಿಮ್ಮ ಮನಸ್ಸಿನ ನೆಮ್ಮದಿಗೆ ಹಚ್ಚಿಕೊಂಡರೆ ಅದರಲ್ಲಿ ಯಾವ ತಪ್ಪೂ ಇಲ್ಲ, ನನ್ನ ಎಷ್ಟೋ ರೋಗಿಗಳು ಹಚ್ಚುತ್ತಾರೆ. ಆ ನೆಂಟರಿಗಾಗಿ ಹಚ್ಚಿದರೆ ಕಷ್ಟ, ಒಮ್ಮೆ ಮುಚ್ಚಿದರೆ ಪ್ರತಿ ಸಲ ಮುಚ್ಚಬೇಕು, ಪಾತ್ರೆ ತೊಳೆಯುವಾಗ ಹೋಗಿಬಿಡುತ್ತದೆ ಬೇರೆ. ಡಾಕ್ಟರ ಚೀಟಿ ತಂದು ತೋರಿಸಲಾ ಅಂತ ಮುಂದೆ ನಿಮಗೆ ಅನ್ನಿಸಬಹುದು. ಅವರಾಗಿ ಕೇಳದೆ ತರಬೇಡಿ ಅನ್ನುತ್ತೇನೆ. ಚೀಟಿ ತಂದರೆ ಅನುಮಾನಕ್ಕೆ ಜಾಗ ಇತ್ತು ಅಂತ ನೀವೇ ಒಪ್ಪಿದ ಹಾಗೆ.

ನಾನಾಗಿದ್ದರೆ ಹಬ್ಬಕ್ಕೆ ಒಂದು ವಾರ ಇರುವಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಲ್ಲಿ ಸವ್ತಾ ಹತ್ತಿರ ಮಾತಾಡುತ್ತಿದ್ದೆ. ‘ಇದು ಅಂಟೋದಿಲ್ಲ, ಡಾಕ್ಟರು ಹೇಳಿದ್ದಾರೆ. ಬಡಿಸಬೇಡ ಅಂದಿದ್ದಕ್ಕೆ ಬೇಜಾರಾಗಿದೆ’ ಅಂತ ಎರಡೇ ಮಾತು. ಆರು ವರ್ಷದಿಂದ ನಿಮ್ಮ ಕೈಯಿಂದಲೇ ಉಂಡವರು ಅವರು. ಮಾತು ತಿರುಗಿ ಮನೆಯಲ್ಲಿ ಜಗಳವಾಗುವ ಅಪಾಯ ಇಲ್ಲ ಅಂತಲ್ಲ, ಅದಕ್ಕೇ ಆ ನೆಂಟರ ಹೆಸರು ಎತ್ತದೆ ಹೇಳಿ. ಹುಡುಗನಿಗೆ 38, 39ನೇ ವಚನ ತೋರಿಸಿ. ಅವನು ಭಾಷಣಕ್ಕೆ ಹೊಸ ವಿಷಯ ಹುಡುಕುತ್ತಿರುತ್ತಾನೆ, ಎಲ್ಲರೂ ಚಾಡಿಯ ಬಗ್ಗೆಯೇ ಮಾತಾಡುತ್ತಾರಲ್ಲ. ಈ ಪಾಠಕ್ಕೆ ಸಾಮಾನ್ಯವಾಗಿ ಇರುವ ಹಫ್ತಾರಾ, ಅಂದರೆ ಪ್ರವಾದಿಗಳ ಪುಸ್ತಕದಿಂದ ಜೊತೆಗೆ ಓದುವ ಭಾಗ, ಅರಸುಗಳ ಎರಡನೇ ಪುಸ್ತಕ 7ನೇ ಅಧ್ಯಾಯದ್ದು. ಈ ಸಲ ಆ ಶನಿವಾರ ಯಹೂದಿ ತಿಂಗಳ ಮೊದಲ ದಿನ, ಹಾಗಾಗಿ ಅದರ ಬದಲು ಯೆಶಾಯನ 66ನೇ ಅಧ್ಯಾಯ ಓದುತ್ತಾರೆ, ಆದರೂ ಈ ಕಥೆ ಅವನಿಗೆ ನೆನಪಿಸಿ. ಸಮಾರ್ಯ ಊರಿಗೆ ಮುತ್ತಿಗೆ, ಒಳಗೆ ಬರಗಾಲ. ಬಾಗಿಲ ಹೊರಗೆ ಕೂರಿಸಿದ್ದ ನಾಲ್ವರು ಮೆತ್ಸೋರಾಗಳೇ ಶತ್ರುಗಳ ಬೀಡು ಖಾಲಿಯಾಗಿದ್ದನ್ನು ಮೊದಲು ಕಂಡವರು. ಹೊಟ್ಟೆ ತುಂಬಾ ಉಂಡ ಮೇಲೆ ‘ನಾವು ಸುಮ್ಮನಿರೋದು ಸರಿಯಲ್ಲ’ ಅಂತ ಊರಿಗೆ ಸುದ್ದಿ ಮುಟ್ಟಿಸಿದವರೂ ಅವರೇ.

ಈಗ ಔಷಧ. ಬಿಟ್ಟಿದ್ದನ್ನು ಮತ್ತೆ ಶುರು ಮಾಡಬಹುದು, ಆದರೆ ಸುಳ್ಳು ಭರವಸೆ ಕೊಡಲಾರೆ. ಮುಖದ ಮಚ್ಚೆ ಬೇಗ ಕೇಳುತ್ತದೆ, ಬೆರಳಿನದು ಹಟಮಾರಿ. ಸ್ಟೀರಾಯ್ಡ್ ಮುಲಾಮು ಮಚ್ಚೆ ಹರಡುವುದನ್ನು ತಡೆಯಬಹುದು, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಟ್ಯಾಕ್ರೋಲಿಮಸ್ ಅನ್ನುವ ಇನ್ನೊಂದು ಮುಲಾಮಿನಲ್ಲಿ ಆ ತೊಂದರೆ ಇಲ್ಲ, ಮೊದಮೊದಲು ಉರಿಯುತ್ತದೆ. ನೇರಳಾತೀತ ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲ, ಹಲವು ತಿಂಗಳು ಹೋಗಬೇಕು. ನಿಮ್ಮ ಕೆಲಸದಲ್ಲಿ ಅಷ್ಟು ಬಿಡುವು ಸಿಗುತ್ತಾ ಯೋಚಿಸಿ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರುಕ್ಸೋಲಿಟಿನಿಬ್ ಮುಲಾಮು ಇದೆ, ಬೆಲೆ ಜಾಸ್ತಿ. ಒಂದು ವರ್ಷ ಮಚ್ಚೆ ಅಲುಗಾಡದೆ ನಿಂತರೆ ಚರ್ಮ ಕಸಿ ಮಾಡಬಹುದು. ಊರಿಂದ ಯಾರಾದರೂ ಎಣ್ಣೆ ಕಳಿಸಿ ‘ಹಚ್ಚಿ ಬಿಸಿಲಲ್ಲಿ ಕೂರು’ ಅಂದರೆ ಬೇಡ ಅನ್ನಿ, ಬೊಬ್ಬೆ ಎದ್ದು ಬಂದವರನ್ನು ನೋಡಿ ಸಾಕಾಗಿದೆ. ಥೈರಾಯ್ಡ್ ಪರೀಕ್ಷೆ ಒಮ್ಮೆ ಮಾಡಿಸಿ, ತೊನ್ನಿನ ಜೊತೆ ಅದರ ತೊಂದರೆ ಇರುವುದುಂಟು. ಹೋಗುವ ಮುಂಚೆ ನಿಮ್ಮ ವಿಮೆಯಲ್ಲಿ ಹಳೆಯ ಕಾಯಿಲೆ ಬಗ್ಗೆ ಏನು ಬರೆದಿದೆ ಓದಿಕೊಳ್ಳಿ.

ಇನ್ನೊಂದು ಅನುಮಾನ ನನ್ನನ್ನು ಕಾಡುತ್ತಿದೆ. ಕಾಲಿನ ಮಚ್ಚೆ ಇಪ್ಪತ್ತು ವರ್ಷ ಸುಮ್ಮನಿತ್ತು, ಕೈಯದು ಎರಡೇ ವರ್ಷದ್ದು. ಈ ಎರಡು ವರ್ಷದಲ್ಲಿ ಗ್ಲೌಸ್ ಬದಲಾಯಿತಾ? 1939ರಲ್ಲಿ ಅಮೆರಿಕದ ಚರ್ಮ ಹದ ಮಾಡುವ ಕಾರ್ಖಾನೆಯೊಂದರಲ್ಲಿ ರಬ್ಬರ್ ಗ್ಲೌಸ್ ಹಾಕುತ್ತಿದ್ದ ಕೆಲಸಗಾರರ ಕೈ ಬೆಳ್ಳಗಾಗಿತ್ತು, ಗ್ಲೌಸಿನಲ್ಲಿ ಬೆರೆಸಿದ್ದ ಒಂದು ರಾಸಾಯನಿಕ ಅದಕ್ಕೆ ಕಾರಣ. ಬಿಂದಿಯ ಅಂಟಿನಿಂದ ಹಣೆ ಬೆಳ್ಳಗಾದವರು ನಮ್ಮಲ್ಲೂ ಇದ್ದಾರೆ. ನಿಮ್ಮ ಮಚ್ಚೆ ಮಣಿಕಟ್ಟಿನಲ್ಲಿ ಗ್ಲೌಸ್ ಮುಗಿಯುವ ಜಾಗದಲ್ಲೇ ನಿಂತಿದೆಯಾ ನೋಡಿ. ಮಚ್ಚೆಯೊಳಗಿನ ಸಣ್ಣ ಕೂದಲು ಕಪ್ಪಾಗಿದೆಯಾ ಬೆಳ್ಳಗಾಗಿದೆಯಾ ಅಂತಲೂ ನೋಡಿ. ಆ ಕೋಹೆನ್ ನೋಡುತ್ತಿದ್ದದ್ದೂ ಅದನ್ನೇ, ನಾನು ನೋಡುವುದೂ ಅದನ್ನೇ, ಕಾರಣ ಮಾತ್ರ ಬೇರೆ. ಕೂದಲು ಕಪ್ಪಾಗಿದ್ದರೆ ಅದರ ಬುಡದಲ್ಲಿ ಬಣ್ಣದ ಕೋಶ ಇನ್ನೂ ಉಳಿದಿವೆ, ಅಲ್ಲಿಂದ ಬಣ್ಣ ಮರಳುವ ಅವಕಾಶ ಜಾಸ್ತಿ.

ಎರಡೂ ಕೈಯ ಫೋಟೋ ತೆಗೆದು ಕಳಿಸಿ, ಫ್ಲ್ಯಾಶ್ ಹಾಕಬೇಡಿ. ಯಾವ ಹೊತ್ತಲ್ಲಿ ಅನ್ನುವುದಕ್ಕೆ ಮಿಶ್ನಾದ ನಿಯಮವೇ ಸಾಕು: ಬೆಳಗ್ಗೆ ತೀರಾ ಬೇಗ ಬೇಡ, ಸಂಜೆ ಬೇಡ, ಮನೆಯೊಳಗೆ ಬೇಡ, ಮೋಡ ಇರುವ ದಿನವಂತೂ ಬೇಡವೇ ಬೇಡ.